ಊದುವವರ ಸಾಲಿ

ವಿಜಯಪುರ ಜಿಲ್ಲೆಯ ನಮ್ಮ ಇಂಡಿ ಊರಿನ ಲಿಂಬೆಹಣ್ಣಿಗೂ ಸನಾದಿಗೂ, ಅಂದರೆ ನಮ್ಮ ಕಡೆಯ ಶಹನಾಯಿಗೂ, ಹುಟ್ಟಾ ವೈರ. ಕೇಳಿದ ಮಾತಲ್ಲ ಇದು, ಸಣ್ಣವನಿದ್ದಾಗ ಆ ವೈರಕ್ಕೆ ನೀರೆರೆದವರಲ್ಲಿ ನಾನೂ ಒಬ್ಬ. ಮದುವೆ ಹಂದರದ ಬಾಯಲ್ಲಿ ಜಮಖಾನೆ ಹಾಸಿಕೊಂಡು ಸನಾದಿಯವರು ಕೂತಿರುತ್ತಿದ್ದರು. ನಾವು ನಾಲ್ಕೈದು ಹುಡುಗರು ತೋಟದಿಂದ ಕಿಸೆ ತುಂಬ ಲಿಂಬೆಹಣ್ಣು ತಂದು, ಅವರ ಎದುರಿಗೇ ಕೂತು, ಕಚ್ಚಿ ಕಚ್ಚಿ ಚಪ್ಪರಿಸುತ್ತಿದ್ದೆವು. ಹುಳಿ ತಿನ್ನುವವರನ್ನು ಕಂಡರೆ ಯಾರ ಬಾಯಲ್ಲಿ ನೀರು ಬರುವುದಿಲ್ಲ ಹೇಳಿ? ಊದುವವನ ಬಾಯಲ್ಲಿ ನೀರು ಬಂದರೆ ಸನಾದಿಯ ಬಾಯಿಗಿಟ್ಟ ಪೀಪಿ ಹದ ಮೀರಿ ನೆನೆಯುತ್ತದೆ, ಪೀಪಿ ನೆನೆದರೆ ಸ್ವರ ಜಾರುತ್ತದೆ. ಅಷ್ಟೇ ನಮ್ಮ ಆಟ. ನಾಗಸ್ವರದ ಸೀಮೆಯ ಹುಡುಗರು ಇದೇ ಕೆಲಸಕ್ಕೆ ಹುಣಸೆಹಣ್ಣು ಚೀಪುತ್ತಿದ್ದರಂತೆ. ಎಲ್ಲಿಯ ಹುಡುಗರಾದರೇನು, ಬುದ್ಧಿ ಒಂದೇ. 2023ರಲ್ಲಿ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿತೆಂದು ಪೇಪರಿನಲ್ಲಿ ಓದಿದಾಗ ಎಲ್ಲರಂತೆ ನಾನೂ ಹಿಗ್ಗಿದೆ. ಆದರೆ ಕಣ್ಣ ಮುಂದೆ ಬಂದದ್ದು ತೋಟವಲ್ಲ, ಸನಾದಿ ಅಜ್ಜನ ಮುಖ.

ಆ ಅಜ್ಜ ಒಂದು ದಿನ ಊಟಕ್ಕೆ ಎದ್ದವನು ನನ್ನ ತೋಳು ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡ. ಬೈಗುಳ ಖಾತ್ರಿ ಅಂದುಕೊಂಡೆ. ಬೈಯಲಿಲ್ಲ. "ತಮ್ಮಾ, ಹುಳಿ ಕಂಡ್ರ ಬಾಯಾಗ ನೀರ ಬರೂದು ನನ್ನ ಕೈಯಾಗಿಲ್ಲ. ಕಣ್ಣ ಮುಚ್ಚೂದು ನನ್ನ ಕೈಯಾಗೈತಿ. ನಮ್ಮಪ್ಪ ಎಲ್ಲಾಕಿಂತ ಮೊದಲ ಅದನ್ನ ಕಲಿಸಿದ," ಅಂದ.

ಸ್ವರ ಕಲಿಸುವ ಮೊದಲು ಕಣ್ಣು ಮುಚ್ಚುವುದನ್ನು ಕಲಿಸಿದ ಮಾಸ್ತರ! ಇದು ನನಗೆ ಈಗ ಯಾಕೆ ನೆನಪಾಯಿತೆಂದರೆ, ಸಿಂದಗಿಯ ಗೆಳೆಯನೊಬ್ಬ ಮೊನ್ನೆ ಫೋನು ಮಾಡಿದ್ದ. ಮಗಳಿಗೆ ಕೊಳಲು ಕಲಿಸಬೇಕು, ಒಂದು ಛಲೋ ಸಂಗೀತ ಶಾಲೆ ಹೇಳು ಎಂದ. ನನಗೆ ಗೊತ್ತಿದ್ದಷ್ಟು ಹೇಳಿದೆ. "ಅಲ್ಲಿ ಊದೂದು ಕಲಿಸೋ ಮಾಸ್ತರ ಹಿನ್ನೆಲೆ ಏನಪಾ? ಎಲ್ಲಿ ಕಲ್ತಾರ, ಯಾರ ಹತ್ರ ಕಲ್ತಾರ?" ಎಂದು ಕೇಳಿದ. ತಂದೆಯಾದವನು ಕೇಳಬೇಕಾದ ಮಾತೇ. ದೊಡ್ಡ ಊರುಗಳ ಶಾಲೆಗಳಲ್ಲಿ ಹೋಗಿ ನೋಡಿ, ಒಬ್ಬೊಬ್ಬ ಮಾಸ್ತರರ ಫೋಟೋದ ಕೆಳಗೆ ಅವರ ಗುರು, ಪರೀಕ್ಷೆ, ಪದಕ ಎಲ್ಲ ಬರೆದಿರುತ್ತಾರೆ. ಫೋನು ಇಟ್ಟ ಮೇಲೆ ನಾನು ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದೆ. ನಮ್ಮ ಲಿಂಬೆಯ ಅಜ್ಜನ ಫೋಟೋದ ಕೆಳಗೆ ಏನು ಬರೆಯಬೇಕಿತ್ತು? ಗುರು, ಅಪ್ಪ. ಅಪ್ಪನಿಗೆ ಅವನಪ್ಪ. ಸಾಲಿ, ಮದುವೆಯ ಹಂದರ. ಪರೀಕ್ಷೆ ತೆಗೆದುಕೊಳ್ಳುವವರು ಎರಡೂ ಕಡೆಯ ಬೀಗರು. ನಾಲ್ಕು ಸಾಲೂ ತುಂಬುವುದಿಲ್ಲ.

ಇರಲಿ. ನಮ್ಮ ಮಾತಿನಲ್ಲಿ ಒಂದೊಂದು ವಾದ್ಯಕ್ಕೂ ಒಂದೊಂದು ಕ್ರಿಯೆ ಇದೆ, ಗಮನಿಸಿದ್ದೀರಾ? ಹಲಗಿ ಬಡಿಯುತ್ತೇವೆ, ತಬಲಾ ಬಾರಿಸುತ್ತೇವೆ, ತಂಬೂರಿ ಮೀಟುತ್ತೇವೆ, ಸನಾದಿ ಊದುತ್ತೇವೆ. ಬಡಿಯುವ ಕೈ ಕಾಣುತ್ತದೆ, ಮೀಟುವ ಬೆರಳು ಕಾಣುತ್ತದೆ. ಊದುವ ಕೆಲಸ ನಡೆಯುವುದು ಹೊಟ್ಟೆಯೊಳಗೆ. ಅದೇ 'ಊದು' ನಮ್ಮ ಅಡುಗೆಮನೆಯಲ್ಲೂ ಇತ್ತು. ಅವ್ವನ ಕೈಯಲ್ಲಿದ್ದ ಊದುಗೊಳವಿಯೇ ಮನೆಯ ಮೊದಲ ಊದುವ ವಾದ್ಯ ಅಂತ ನಾನು ನಂಬಿದ್ದೇನೆ. ತೊಗರಿ ಕಟಗಿ, ಕುಳ್ಳು, ಮಳೆಗಾಲದಲ್ಲಿ ಅರ್ಧ ಹಸಿ. ಜೋರಾಗಿ ಊದಿದರೆ ಬೂದಿ ಹಾರಿ ಕಣ್ಣಿಗೆ, ಮೆಲ್ಲಗೆ ಊದಿದರೆ ಬರೀ ಹೊಗೆ. ಅವ್ವ ಅದರ ನಡುವಿನ ಗಾಳಿಯನ್ನು ಹಿಡಿದು, ಕೆಂಡ ಕೆಂಪಗಾಗುವವರೆಗೆ ಒಂದೇ ಎಳೆಯಾಗಿ ಬಿಡುತ್ತಿದ್ದಳು. ಮುಂದೆ ಕೊಳಲಿನವರೊಬ್ಬರು ಶಿಷ್ಯನಿಗೆ ಉದ್ದ ಸ್ವರದ ಪಾಠ ಹೇಳುವುದನ್ನು ಕೇಳಿದಾಗ ನನಗೆ ಅವ್ವನ ಒಲೆಯೇ ನೆನಪಾಯಿತು.

ಭರತನ ನಾಟ್ಯಶಾಸ್ತ್ರ ವಾದ್ಯಗಳನ್ನು ನಾಲ್ಕು ಬಗೆ ಮಾಡಿದೆ. ತಂತಿಯದು ತತ, ಚರ್ಮ ಬಿಗಿದದ್ದು ಅವನದ್ಧ, ಕಂಚಿನ ತಾಳದಂಥದು ಘನ, ಊದುವುದು ಸುಷಿರ, ಅಂದರೆ ತೂತುಳ್ಳದ್ದು. ತಂತಿಗೆ, ಚರ್ಮಕ್ಕೆ ಉದ್ದುದ್ದ ಅಧ್ಯಾಯ ಬರೆದ ಗ್ರಂಥ ಸುಷಿರದ ಅಧ್ಯಾಯವನ್ನು ಬಹಳ ಚುಟುಕಾಗಿ ಮುಗಿಸಿಬಿಡುತ್ತದೆ. ಮೊದಲು ನನಗೆ ಬೇಸರವೆನಿಸಿತ್ತು. ಆಮೇಲೆ ಹೊಳೆಯಿತು, ಬರೆಯುವುದಾದರೂ ಏನನ್ನು? ಬೆರಳು ಎಲ್ಲಿ ಇಡಬೇಕು, ಎಷ್ಟು ಎತ್ತಬೇಕು ಎಂದು ಬರೆಯಬಹುದು. ಹೊಟ್ಟೆಯಲ್ಲಿ ಎಷ್ಟು ಗಾಳಿ ಉಳಿಸಿಕೊಂಡಿರಬೇಕು ಎಂಬುದನ್ನು ಯಾವ ಅಕ್ಷರದಲ್ಲಿ ಬರೆಯುತ್ತೀರಿ? ಅದನ್ನು ಪಕ್ಕದಲ್ಲಿ ಕೂತು ನೋಡಿ ಕಲಿಯಬೇಕು.

ಪಕ್ಕದಲ್ಲಿ ಕೂಡುವುದು ಅಂದೆನಲ್ಲ, ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಹುಲ್ಲಿನ ಕಥೆ ಹೇಳಬೇಕು.

ನಮ್ಮ ಕಡೆ ಸನಾದಿ ಊದುವವರಲ್ಲಿ ಬಹಳ ಜನರ ಅಡ್ಡಹೆಸರು ಭಜಂತ್ರಿ. ಹೆಸರಿನಲ್ಲೇ ವಾದ್ಯ ಇದೆ. ಕೊರಮ ಸಮಾಜದ ಈ ಮನೆತನಗಳಲ್ಲಿ ಬುಟ್ಟಿ ಹೆಣೆಯುವುದು, ಹಗ್ಗ ಹೊಸೆಯುವುದು, ಸನಾದಿ ಊದುವುದು ಮೂರೂ ಒಂದೇ ಸೂರಿನ ಕೆಳಗಿನ ಕಸುಬು. ಅವರು ತಮ್ಮ ಹಿರಿಯನೆಂದು ನೆನೆಯುವುದು ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನನ್ನು. ಚಂದಯ್ಯ ನಮ್ಮ ಜಿಲ್ಲೆಯ ಶಿವಣಗಿಯವನು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಕಲ್ಯಾಣದಲ್ಲಿ ಕಟ್ಟಿದ ಆ ದೊಡ್ಡ ಬಳಗದಲ್ಲಿ ಈತ ಹುಲ್ಲು ಕೊಯ್ದು ಹುರಿ ಹೊಸೆದು, ಮಾರಿ ಬಂದದ್ದರಲ್ಲಿ ಜಂಗಮ ದಾಸೋಹ ಮಾಡುತ್ತಿದ್ದ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿದ್ದರೂ ಕಾಯಕ ಬಿಟ್ಟು ಅದನ್ನು ಹುಡುಕಲಿಲ್ಲ, ಕೊನೆಗೆ ಲಿಂಗವೇ ಅವನ ಬೆನ್ನು ಹತ್ತಿತು ಎಂದು ಕಥೆ. ನಮ್ಮ ಮನೆಯಲ್ಲಿ ಈ ಕಥೆ ಹೇಳುವಾಗ ಅಜ್ಜಿ 'ಬೆನ್ನು ಹತ್ತಿತು' ಅನ್ನುವಲ್ಲಿ ಸ್ವಲ್ಪ ತಡೆದು ನಗುತ್ತಿದ್ದಳು, ದೇವರು ಹುಡುಗನಂತೆ ಹಿಂದಿಂದೆ ಓಡಿ ಬರುವುದನ್ನು ಕಂಡವಳ ಹಾಗೆ.

ನನ್ನ ಮನಸ್ಸು ನಿಲ್ಲುವುದು ಹುಲ್ಲಿನ ಹತ್ತಿರ. ಸನಾದಿಯ ಪೀಪಿ ಆಗುವುದೂ ನೀರದಂಡೆಯ ಟೊಳ್ಳು ಹುಲ್ಲಿನಿಂದಲೇ. ಕೊಯ್ದು, ಒಣಗಿಸಿ, ಚಪ್ಪಟೆ ಮಾಡಿ, ದಾರ ಸುತ್ತಿ, ಬಾಯಲ್ಲಿ ಹದವಾಗಿ ನೆನೆಸಿ ಊದಿದರೆ ಹುಲ್ಲು ಹಾಡುತ್ತದೆ. ಒಂದು ಪೀಪಿ ಕೈಕೊಟ್ಟರೆ ಇರಲಿ ಎಂದು ಇನ್ನೂ ಎರಡು ಮೂರನ್ನು ದಾರದಲ್ಲಿ ಸನಾದಿಗೇ ಕಟ್ಟಿ ಇಳಿಬಿಟ್ಟಿರುತ್ತಾರೆ. ಅದನ್ನು ನಾವು ಹುಡುಗರು ಗೊಂಡೆ ಅಂದುಕೊಂಡಿದ್ದೆವು, ಸಿಂಗಾರಕ್ಕೆ ಕಟ್ಟಿದ್ದು ಎಂದು. ಹುಲ್ಲನ್ನು ಹೊಸೆದರೆ ಹಗ್ಗ, ಸುತ್ತಿದರೆ ಪೀಪಿ. ಚಂದಯ್ಯನ ಬಳಗದವರ ಕೈಗೆ ಎರಡೂ ಬಂದದ್ದು ನನಗೆ ಆಕಸ್ಮಿಕ ಅನಿಸುವುದಿಲ್ಲ.

ಈಗ ಪಕ್ಕದಲ್ಲಿ ಕೂಡುವ ಮಾತು. ಸನಾದಿ ಮನೆಯ ಹುಡುಗನಿಗೆ ಮೊದಲು ಸಿಗುವ ಕೆಲಸ ಶ್ರುತಿ ಹಿಡಿಯುವುದು. ಅಪ್ಪ ರಾಗ ಊದುತ್ತಾನೆ, ಸಂಬಾಳದವನೋ ಕರಡಿವಾದ್ಯದವನೋ ಬಾರಿಸುತ್ತಾನೆ, ಹುಡುಗ ಇನ್ನೊಂದು ಸನಾದಿಯಲ್ಲಿ ಒಂದೇ ಒಂದು ಸ್ವರವನ್ನು ಬಿಡದೆ ಊದುತ್ತ ಕೂತಿರಬೇಕು. ಅರಿಷಿಣ ಹಚ್ಚುವಾಗಲೂ ಅದೇ ಸ್ವರ, ಸುರಗಿ ಸುತ್ತುವಾಗಲೂ ಅದೇ, ಅಕ್ಕಿಕಾಳು ಬೀಳುವಾಗಲೂ ಅದೇ. ಉಸಿರು ತೆಗೆದುಕೊಳ್ಳಲು ನಿಲ್ಲುವ ಹಾಗಿಲ್ಲ. ಕೆನ್ನೆಯನ್ನೇ ಚೀಲ ಮಾಡಿ ಗಾಳಿ ತುಂಬಿಟ್ಟುಕೊಂಡು, ಅದನ್ನು ಒತ್ತಿ ಹೊರಗೆ ಬಿಡುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಲಿಂಬೆಯ ಅಜ್ಜ ಇದನ್ನು ಕಲಿತದ್ದು ತಂಬಿಗೆ ನೀರಿನಲ್ಲಿ ಟೊಳ್ಳು ಕಡ್ಡಿ ಇಟ್ಟು ಊದುತ್ತ. ಗುಳ್ಳೆ ಕಡಿಯಬಾರದು. ಕಡಿದರೆ ಮತ್ತೆ ಒಂದರಿಂದ ಎಣಿಕೆ. "ಒಂದ ಬ್ಯಾಸಗಿ ಪೂರ್ತಿ ಗುಳ್ಳಿ ಎಬ್ಬಿಸೇನಿ ನೋಡು," ಎಂದು ಹೇಳುವಾಗ ಅಜ್ಜನ ಕೆನ್ನೆ ತಾನೇ ಉಬ್ಬುತ್ತಿತ್ತು.

ಒಂದೇ ಸ್ವರ ಹಿಡಿದು ವರ್ಷಗಟ್ಟಲೆ ಕೂತ ಹುಡುಗ ಏನು ಕಲಿತ? ಅಪ್ಪನ ಒಂದೊಂದು ತಿರುವನ್ನೂ ತನ್ನ ಸ್ವರಕ್ಕೆ ಒರೆಹಚ್ಚಿ ನೋಡಿದ. ಯಾವ ಸ್ವರ ಎಷ್ಟು ದೂರ ಹೋಗಿ ಹೇಗೆ ಮರಳಿ ಬರುತ್ತದೆ ಎಂಬುದು ಅವನ ಕಿವಿಗೆ ಇಳಿಯಿತು. ಆ ಜಾಗ ಬರೀ ಶ್ರುತಿಯವನ ಜಾಗವಲ್ಲ, ಅದು ವಿದ್ಯಾರ್ಥಿಯ ಮಣೆ. ಈಗ ಶ್ರುತಿಗೆ ಪೆಟ್ಟಿಗೆ ಬಂದಿದೆ, ಮೊಬೈಲೂ ಬಂದಿದೆ, ಗುಂಡಿ ಒತ್ತಿದರೆ ಸಾಕು. ಶ್ರುತಿ ಏನೋ ಬರುತ್ತದೆ. ಆದರೆ ಆ ಮಣೆಯ ಮೇಲೆ ಕೂಡುತ್ತಿದ್ದ ಹುಡುಗನನ್ನು ಎಲ್ಲಿ ಕೂಡಿಸೋಣ? ನನ್ನನ್ನು ಬಹಳ ಕಾಡುವ ಪ್ರಶ್ನೆ ಇದು.

ದೊಡ್ಡವರ ಕಥೆಯೂ ಇದಕ್ಕಿಂತ ಬೇರೆ ಅಲ್ಲ. ಬಿಸ್ಮಿಲ್ಲಾ ಖಾನರಿಗೆ ಗುರು ಸೋದರಮಾವ ಅಲಿ ಬಕ್ಷ್, ಕಾಶಿ ವಿಶ್ವನಾಥನ ಗುಡಿಯಲ್ಲಿ ಶಹನಾಯಿ ಸೇವೆ ಮಾಡುತ್ತಿದ್ದವರು. ಮನೆ, ಗುಡಿ, ಗಂಗೆಯ ದಂಡೆ, ಅದೇ ಅವರ ಶಾಲೆ. 1977ರಲ್ಲಿ ಕೃಷ್ಣಮೂರ್ತಿ ಪುರಾಣಿಕರ ಕಥೆಯ 'ಸನಾದಿ ಅಪ್ಪಣ್ಣ' ಸಿನಿಮಾ ಬಂತಲ್ಲ, ತೆರೆಯ ಮೇಲೆ ರಾಜಕುಮಾರ್ ಸನಾದಿ ಎತ್ತಿದರೆ ಕೇಳುವ ಉಸಿರು ಬಿಸ್ಮಿಲ್ಲಾ ಖಾನರದು. ನಮ್ಮ ಕಡೆಯ ಟೂರಿಂಗ್ ಟಾಕೀಸುಗಳಲ್ಲಿ ಅದನ್ನು ನೋಡಿದವರು ಇಂದಿಗೂ ಆ ಸಿನಿಮಾದ ಮಾತು ತೆಗೆದರೆ ದನಿ ಇಳಿಸುತ್ತಾರೆ. ಹಂದರದ ಬಾಯಲ್ಲಿ ಕೂತವನನ್ನು ಕಥೆಯ ನಡುವೆ ತಂದು ಕೂಡಿಸಿದ ಸಿನಿಮಾ ಅದು. ನಮ್ಮ ಅಜ್ಜನೂ ನೋಡಿದ್ದ. ಕೇಳಿದರೆ, "ಅಂವ ಉಸರ ಎಲ್ಲಿ ತಗೋತಾನಂತ ಹುಡಕಿದೆ, ಸಿಗಲಿಲ್ಲ," ಅಂದಿದ್ದ. ಮೂರು ತಾಸಿನ ಸಿನಿಮಾದಲ್ಲಿ ಆತ ಹುಡುಕಿದ್ದು ಅದೊಂದನ್ನೇ.

ಗೆಳೆಯನ ಪ್ರಶ್ನೆಗೆ ನನ್ನ ಬಳಿ ಇನ್ನೊಂದು ಉತ್ತರ ಇತ್ತು, ಫೋನಿನಲ್ಲಿ ಹೇಳಲಾಗಲಿಲ್ಲ. ಊದುವುದನ್ನು ಕಲಿಸುವವರು ಊದುವವರೇ ಆಗಬೇಕೆಂದಿಲ್ಲವಲ್ಲ! ಹರಿಪ್ರಸಾದ ಚೌರಾಸಿಯಾ ಅವರು ಕೊಳಲಿನ ಮೊದಲ ಪಾಠ ಕೇಳಿದ್ದು ಭೋಲಾನಾಥ ಪ್ರಸನ್ನರ ಹತ್ತಿರ, ಸರಿ. ಹೆಸರು ಬಂದಮೇಲೆ ಮತ್ತೆ ಕಲಿಯಲು ಹೋದದ್ದು ಅನ್ನಪೂರ್ಣಾದೇವಿಯವರ ಬಳಿಗೆ. ಆ ತಾಯಿ ನುಡಿಸುತ್ತಿದ್ದದ್ದು ಸುರಬಹಾರ್, ತಂತಿ ವಾದ್ಯ. ಕಲಿತದ್ದನ್ನೆಲ್ಲ ಬದಿಗಿಟ್ಟು ಹೊಸದಾಗಿ ಶುರುಮಾಡುವ ಮನಸ್ಸಿದೆ ಎಂದು ತೋರಿಸಲು ಹರಿಪ್ರಸಾದರು ಬಲಕ್ಕೆ ಹಿಡಿಯುತ್ತಿದ್ದ ಕೊಳಲನ್ನು ಎಡಕ್ಕೆ ತಿರುಗಿಸಿ ಹಿಡಿದರು. ಊರೆಲ್ಲ ಬಲ್ಲ ಕಲಾವಿದ, ಬೆರಳುಗಳಿಗೆ ಮತ್ತೆ ಒಂದನೇ ಇಯತ್ತೆ! ನಮ್ಮ ಧಾರವಾಡದ ಪ್ರವೀಣ ಗೋಡ್ಖಿಂಡಿ ಅವರಿಗೆ ತಂದೆ ವೆಂಕಟೇಶ ಗೋಡ್ಖಿಂಡಿ ಕೊಳಲಿನ ಗುರು. ಜೊತೆಗೆ ಪಾಠ ಹೇಳಿದ ಆನೂರು ಅನಂತಕೃಷ್ಣ ಶರ್ಮ ಮೃದಂಗದ ವಿದ್ವಾಂಸರು. ಕದ್ರಿ ಗೋಪಾಲನಾಥರನ್ನು ನೋಡಿ, ತಂದೆ ನಾಗಸ್ವರದವರು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದರು. ಅದರಲ್ಲಿ ನಮ್ಮ ಗಮಕ ಬರಿಸುವುದನ್ನು ಕಲಿಸಲು ಸ್ಯಾಕ್ಸೋಫೋನಿನ ಮಾಸ್ತರ ಎಲ್ಲಿಂದ ಬರಬೇಕು? ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಹೇಳಿಕೊಟ್ಟರು, ಮುಂದೆ ಚೆನ್ನೈನಲ್ಲಿ ಹಾಡುಗಾರಿಕೆ ಮತ್ತು ಮೃದಂಗ ಎರಡರಲ್ಲೂ ನುರಿತ ಟಿ.ವಿ. ಗೋಪಾಲಕೃಷ್ಣನ್ ತಿದ್ದಿದರು. ಗುರು ಹಾಡಿ ತೋರಿಸಬೇಕು, ಶಿಷ್ಯ ತನ್ನ ವಾದ್ಯದಲ್ಲಿ ಅದನ್ನು ಹುಡುಕಿಕೊಳ್ಳಬೇಕು. ಹೀಗಿರುವಾಗ ಹಿನ್ನೆಲೆ ಅನ್ನುವುದನ್ನು ಯಾವ ಕೊನೆಯಿಂದ ಎಳೆಯುತ್ತೀರಿ?

ಗರಡಿಮನೆಯ ಕೊನೆಯಿಂದಲೂ ಎಳೆಯಬಹುದು, ನಗಬೇಡಿ. ಹರಿಪ್ರಸಾದರ ತಂದೆ ಪೈಲ್ವಾನರು. ಮಗನೂ ಕುಸ್ತಿ ಆಡಬೇಕೆಂಬುದು ಅವರ ಆಸೆ, ಹುಡುಗ ಮಣ್ಣಿಗೆ ಇಳಿದದ್ದೂ ಉಂಟು. ಸಣ್ಣ ಕೊಳಲನ್ನು ಮೂವತ್ತೆರಡು ಅಂಗುಲದ ದೊಡ್ಡ ಬಾನ್ಸುರಿ ಮಾಡಿ ಕಛೇರಿಗೆ ತಂದ ಪನ್ನಾಲಾಲ ಘೋಷರೂ ಎಳೆತನದಲ್ಲಿ ಮೈ ಬಗ್ಗಿಸಿ ವ್ಯಾಯಾಮ, ಬಾಕ್ಸಿಂಗ್ ಮಾಡಿದವರು. ನಮ್ಮ ಹಳ್ಳಿಗಳಲ್ಲೂ ಹಣಮಪ್ಪನ ಗುಡಿ ಇದ್ದಲ್ಲಿ ಗರಡಿ ಇದ್ದೇ ಇರುತ್ತಿತ್ತು, ಕುಸ್ತಿಯ ಕಣದ ಬದಿಯಲ್ಲಿ ಹಲಗಿ, ಸನಾದಿಯೂ ಇರುತ್ತಿತ್ತು. ಒಳಗೆ ಉಸಿರು ಕಟ್ಟುವವರು, ಹೊರಗೆ ಉಸಿರು ಬಿಡುವವರು.

ಇನ್ನು ಪೇಟಿಯ ಮಾತು ಬಿಟ್ಟರೆ ನಮ್ಮ ಕಡೆಯ ಜನ ನನ್ನನ್ನು ಬಿಡುವುದಿಲ್ಲ. ಹಾರ್ಮೋನಿಯಂ ಊದುವ ವಾದ್ಯವೇ, ಅಲ್ಲವೇ? ನನ್ನ ಪ್ರಕಾರ ಹೌದು. ಒಳಗಿರುವುದು ಹಿತ್ತಾಳೆಯ ನಾಲಿಗೆ, ಅದನ್ನು ನುಡಿಸುವುದು ಗಾಳಿ. ಬಾಯಿಯ ಬದಲು ಕೈ ಊದುತ್ತದೆ, ಅಷ್ಟೇ ಭೇದ. 1842ರಲ್ಲಿ ಪ್ಯಾರಿಸ್ಸಿನ ದೆಬೆನ್ ಪೇಟೆಂಟ್ ಪಡೆದ ವಾದ್ಯ ಕಲ್ಕತ್ತೆಗೆ ಬಂದು, ಕಾಲು ಕಳೆದುಕೊಂಡು, ನೆಲದ ಮೇಲೆ ಕೂತು ನುಡಿಸುವ ಪೆಟ್ಟಿಗೆಯಾಯಿತು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದ ವಾದ್ಯ ಎಂದು. ನಮ್ಮ ಭಜನಿ ಮೇಳ, ಕೃಷ್ಣ ಪಾರಿಜಾತ, ನಾಟಕ ಕಂಪನಿಗಳಲ್ಲಿ ಆ ಮೂವತ್ತು ವರ್ಷವೂ ಅದೇ ರಾಜ. ತಾಲೂಕಿನ ಸಂಗೀತ ಶಾಲೆ ಎಂದರೆ ಬಹಳ ಕಡೆ ಒಬ್ಬ ಪೇಟಿ ಮಾಸ್ತರ, ಒಂದು ಕೋಣೆ, ಒಂದು ಚಾಪೆ. ಆ ಮಾಸ್ತರರಲ್ಲಿ ಎಷ್ಟೋ ಜನ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಉಂಡು, ಮಲಗಿ, ಕಲಿತು ಬಂದವರು. ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಕಟ್ಟಿದ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರಲ್ಲಿ ಕೊನೆಯುಸಿರು ಎಳೆಯುವವರೆಗೆ ಬೆಳೆಸಿದ ಆಶ್ರಮ. ಅಲ್ಲಿ ಫೀಸು ಇಲ್ಲ, ಜಾತಿ ಕೇಳುವುದಿಲ್ಲ. ಪುಟ್ಟರಾಜರು ಹಾಡುತ್ತಿದ್ದರು, ಪೇಟಿ, ತಬಲಾ, ಸಾರಂಗಿ, ಪಿಟೀಲು ನುಡಿಸುತ್ತಿದ್ದರು. ಕಣ್ಣು ಮುಚ್ಚುವುದೇ ಮೊದಲ ಪಾಠ ಅಂದ ಅಜ್ಜನ ಮಾತು ಅಲ್ಲಿಯ ಮಕ್ಕಳಿಗೆ ಹೇಳಬೇಕಾಗಿಯೇ ಇರಲಿಲ್ಲ.

ವಿಜಯಪುರಕ್ಕೆ ಹೋದಾಗಲೆಲ್ಲ ನಾನು ಗೋಳಗುಮ್ಮಟದ ಮುಂದಿನ ನಗಾರಖಾನೆಯ ಎದುರು ಒಂದು ಗಳಿಗೆ ನಿಲ್ಲುತ್ತೇನೆ. ಜನ ಗುಮ್ಮಟದಲ್ಲಿ ಕೂಗಿ ತಮ್ಮ ದನಿ ಮರಳಿ ಕೇಳುವ ಅವಸರದಲ್ಲಿ ಅದನ್ನು ದಾಟಿ ಹೋಗಿಬಿಡುತ್ತಾರೆ. 1892ರಿಂದ ಅಲ್ಲಿ ವಸ್ತುಸಂಗ್ರಹಾಲಯ ಇದೆ. ಹೆಸರು ಮಾತ್ರ ನಗಾರಿಯದೇ ಉಳಿದಿದೆ. ಇಂಥ ಕಟ್ಟಡಗಳ ಮೇಲಂತಸ್ತಿನಲ್ಲಿ ನಗಾರಿ, ಶಹನಾಯಿಯವರು ಕೂಡುತ್ತಿದ್ದರು. ಬರುವವರೆಲ್ಲ ಅವರ ಕೆಳಗಿನಿಂದ ತಲೆ ಬಗ್ಗಿಸಿ ಬರಬೇಕು. ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಪೂಜಿಸಿದ, ಸಂಗೀತಕ್ಕೆಂದೇ ನವರಸಪುರ ಕಟ್ಟಹೊರಟ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಊರಿದು. ಬಾಗಿಲ ಮೇಲೆ ಕೂತವರು ಯಾವಾಗ ಬಾಗಿಲ ಬದಿಗೆ ಇಳಿದರು? ಯಾರು ಇಳಿಸಿದರು? ಸುರಗಿ ಸುತ್ತುವ ಹೊತ್ತಿಗೆ ಸನಾದಿ ಇಲ್ಲದಿದ್ದರೆ ಹಿರಿಯರು ಮುಹೂರ್ತವನ್ನೇ ತಡೆಯುತ್ತಿದ್ದರು. ಅದೇ ಸನಾದಿಯವರ ಪಂಕ್ತಿ ಮಾತ್ರ ಎಲ್ಲರದೂ ಮುಗಿದ ಮೇಲೆ ಬೀಳುತ್ತಿತ್ತು. ನಾನು ಕಣ್ಣಾರೆ ಕಂಡದ್ದು. ಹುಡುಗನಾಗಿದ್ದಾಗ ಅದು ನನಗೆ ತಪ್ಪೆಂದು ತೋರಲಿಲ್ಲ ಎಂಬುದು ಈಗಲೂ ನೋಯಿಸುತ್ತದೆ.

ಹಲಸಂಗಿಯ ಗೆಳೆಯರನ್ನು ನೆನೆದಾಗಲೂ ಹೀಗೊಂದು ನೋವು. ಮೊನ್ನೆ ಮೊನ್ನೆಯವರೆಗೆ ಇಂಡಿ ತಾಲೂಕಿಗೇ ಸೇರಿದ್ದ ಆ ಊರಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಕೂಡಿ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಗಿ ಬಂತು. ಬೀಸುಕಲ್ಲಿನ ಮುಂದಿನ ಮಾತು ಹಾಗೆ ಉಳಿಯಿತು. ಆ ಹೆಣ್ಣುಮಕ್ಕಳ ಮದುವೆಗಳಲ್ಲಿ ಹಂದರದ ಬಾಯಲ್ಲಿ ಊದಿದ್ದು ಎಲ್ಲಿ ಉಳಿಯಿತು? ಬೀಗರನ್ನು ಎದುರುಗೊಳ್ಳುವಾಗ ಒಂದು ಧಾಟಿ, ಮಗಳನ್ನು ಕಳಿಸಿಕೊಡುವಾಗ ಇನ್ನೊಂದು. ಎರಡನೆಯದು ಶುರುವಾದರೆ ಸಾಕು, ಅಡುಗೆಮನೆಯಲ್ಲಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಮಾತಿದ್ದರೆ ಗೆಳೆಯರು ಬರೆದುಕೊಳ್ಳುತ್ತಿದ್ದರು. ಮಾತಿಲ್ಲದ ಹಾಡನ್ನು ಪೆನ್ಸಿಲು ಹಿಡಿಯುವುದು ಹೇಗೆ? ಅದನ್ನು ಹಿಡಿಯಬಲ್ಲ ಪುಸ್ತಕ ಒಂದೇ, ಪಕ್ಕದಲ್ಲಿ ಶ್ರುತಿ ಹಿಡಿದು ಕೂತ ಹುಡುಗ. ಅದಕ್ಕೇ ಹೇಳುವುದು, ನಮ್ಮ ತಾಲೂಕುಗಳ ಸಂಗೀತ ಶಾಲೆಗಳಲ್ಲಿ ಪೇಟಿಯ ಕೋಣೆಯ ಪಕ್ಕ ಸನಾದಿಗೂ ಒಂದು ಕೋಣೆ ಇರಲಿ, ಅದರಲ್ಲಿ ಭಜಂತ್ರಿ ಮನೆತನದ ಹಿರಿಯರು ಗಾದಿಯ ಮೇಲೆ ಕೂತು ಪಾಠ ಹೇಳಲಿ. ಈಗಿನ ಮದುವೆಗಳಿಗೆ ಬರುವ ಡಿಜೆಯ ಪೆಟ್ಟಿಗೆಗಳ ಮುಂದೆ ಸನಾದಿ ಸೋಲುವುದು ದನಿಯಲ್ಲಿ ಅಷ್ಟೇ.

ಗೆಳೆಯನ ಮಗಳ ವಿಷಯ ಮರೆತೇಬಿಟ್ಟೆನಲ್ಲ! ಹೋದ ರವಿವಾರ ಅಪ್ಪ ಮಗಳು ಇಬ್ಬರನ್ನೂ ಕರೆದುಕೊಂಡು ಮುದ್ದೇಬಿಹಾಳದ ಕಡೆಗೆ ಹೋಗಿದ್ದೆ. ಲಿಂಬೆಯ ಅಜ್ಜ ತೀರಿಹೋಗಿ ಬಹಳ ವರ್ಷವಾಯಿತು. ಮೊಮ್ಮಗ ಅಲ್ಲಿಯ ಬ್ಯಾಂಡ್ ಕಂಪನಿಯಲ್ಲಿ ಕ್ಲಾರ್ನೆಟ್ ಊದುತ್ತಾನೆ, ಮನೆಯಲ್ಲಿ ಅಜ್ಜನ ಸನಾದಿ ಇಟ್ಟಿದ್ದಾನೆ. ನಾವು ಕೂತ ಕೂಡಲೇ, "ಇಂಡಿಯಿಂದ ಬಂದೀರಿ, ಲಿಂಬಿ ತರಲಿಲ್ಲೇನ್ರಿ ಕಾಕಾ?" ಎಂದು ನಕ್ಕ. ಮುತ್ತಜ್ಜನಿಂದ ಬಂದ ಧಾಟಿಗಳ ಜೊತೆ ನಮ್ಮ ಲಿಂಬೆಯ ಕಥೆಯೂ ಆ ಮನೆಯಲ್ಲಿ ಉಳಿದುಕೊಂಡಿದೆ ಅಂತಾಯಿತು. ಗೆಳೆಯ ಹಿನ್ನೆಲೆ ಕೇಳುತ್ತಾನೆಂದು ಕಾದೆ, ಕೇಳಲಿಲ್ಲ. ಗೋಡೆಗೆ ತೂಗುಬಿಟ್ಟ ಸನಾದಿಯನ್ನೇ ನೋಡುತ್ತಿದ್ದ.

ಹುಡುಗಿ ಚೀಲದಿಂದ ಕೊಳಲು ತೆಗೆದಳು. "ಅದನ್ನ ಈಗ ಒಳಗಿಡವ್ವಾ," ಎಂದು ಮೊಮ್ಮಗ ಒಳಗೆ ಹೋಗಿ ಒಂದು ತಂಬಿಗೆ ನೀರು, ಒಂದು ಟೊಳ್ಳು ಕಡ್ಡಿ ತಂದು ಅವಳ ಮುಂದಿಟ್ಟ. ಅವಳು ಊದಿದಳು. ಗುಳ್ಳೆ ಎದ್ದವು. ನಾವು ಮೂವರೂ ಎಣಿಸುತ್ತಿದ್ದೆವು. ಹದಿನಾಲ್ಕಕ್ಕೆ ಕಡಿಯಿತು. ಚಾ ಬಂತು, ಆರಿತು. ಅವಳು ತಂಬಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿದಳು.